ಗೇಟಿಲ್ಲದ ಕಂಪನಿ



ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ನನ್ನ ಹಿಂದಿನ ಸೀಟಿನವರು ಜೋರಾಗಿ ಒಂದು ಮಾತು ಬಿಟ್ಟರು: “ಈ ಕಂಪನಿಯವ್ರು ಭಾಳ ಮೋಸಗಾರ್ ಅದಾರ್ರೀ.” ಕೂಡಲೇ ಮೂರು ಕಡೆಯಿಂದ ಹೌದು ಹೌದು ಎಂದು ತಲೆ ಅಲ್ಲಾಡಿದವು. ಮಸ್ಕಿ ಬರುವ ಹೊತ್ತಿಗೆ ಗೊತ್ತಾಯಿತು, ಮೂವರೂ ಒಪ್ಪಿಕೊಂಡದ್ದು ಮೂರು ಬೇರೆ ಕಂಪನಿಗಳ ಬಗ್ಗೆ. ಒಬ್ಬರ ಮನಸ್ಸಿನಲ್ಲಿದ್ದದ್ದು ಹತ್ತಿ ಬೀಜದ ಕಂಪನಿ. ಇನ್ನೊಬ್ಬರು ಹಟ್ಟಿಯವರು; ಅವರಿಗೆ ಕಂಪನಿ ಅಂದರೆ ಚಿನ್ನದ ಗಣಿ, ಬೇರೆ ಅರ್ಥವೇ ಇಲ್ಲ. ಮೂರನೆಯವನು ಕಾಲೇಜು ಹುಡುಗ, ಅವನ ಸಿಟ್ಟು ಫೋನಿನೊಳಗಿನ ಕಂಪನಿಯ ಮೇಲೆ. ಮಾತು ಶುರು ಮಾಡಿದವರು ಯಾವ ಕಂಪನಿಯನ್ನು ಬೈದರೋ, ಅವರು ಮಸ್ಕಿಯಲ್ಲಿ ಇಳಿದು ಹೋದರು.

ಹಟ್ಟಿಯ ಕಂಪನಿ ನಮಗೆಲ್ಲ ಗೊತ್ತಿರುವಂಥದು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾಗಿ 1956ರಲ್ಲಿ ಹಟ್ಟಿಯ ಹೆಸರು ಹೊತ್ತುಕೊಂಡಿತು. ಅದಕ್ಕೊಂದು ಗೇಟಿದೆ. ಕೆಲಸ ಬೇಕಾದವರು ಆ ಗೇಟಿನ ಮುಂದೆ ನಿಲ್ಲುತ್ತಾರೆ, ಕೆಲಸದಲ್ಲಿ ಅನ್ಯಾಯವಾಯಿತು ಅನ್ನುವವರೂ ಅದೇ ಗೇಟಿನ ಮುಂದೆ ಕೂಗುತ್ತಾರೆ. ಬೀಜದ ಕಂಪನಿ ದೂರದ್ದೇ ಇರಬಹುದು. ಆದರೆ ಪಾಕೀಟಿನ ಮೇಲೆ ಲಾಟ್ ನಂಬರ್ ಇರುತ್ತದೆ, ಮಾರಿದ ಅಂಗಡಿ ರಸ್ತೆಯ ಮೇಲೇ ಇರುತ್ತದೆ. ಕಾಯಿ ಕಟ್ಟದ ಗಿಡಗಳನ್ನು ಬೇರುಸಮೇತ ಕಿತ್ತು ತಂದು ಆ ಅಂಗಡಿಯ ಕಟ್ಟೆಯ ಮೇಲೆ ಹರವಿ ಕೂತರೆ ಸಂಜೆಯೊಳಗೆ ಯಾರಾದರೂ ಮಾತಾಡಲು ಬಂದೇ ಬರುತ್ತಾರೆ. ಪರಿಹಾರ ಸಿಗುತ್ತದೋ ಬಿಡುತ್ತದೋ, ಎದುರಿಗೆ ಒಂದು ಮುಖವಂತೂ ಸಿಗುತ್ತದೆ.

ಕಾಲೇಜು ಹುಡುಗ ಬೈದ ಕಂಪನಿಯ ಗೇಟು ಎಲ್ಲಿದೆ? ನಾನು ಹೇಳಬೇಕೆಂದುಕೊಂಡದ್ದು ಇದೊಂದನ್ನೇ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ನಮ್ಮ ಮೂರು ತಾಲೂಕುಗಳಲ್ಲಿ ಜನ ತಂತ್ರಜ್ಞಾನದ ಕಂಪನಿಗಳ ಬಗ್ಗೆ ಏನು ಅಂದುಕೊಂಡಿದ್ದಾರೆ ಎನ್ನುವುದನ್ನು ನಾನು ಇಪ್ಪತ್ತು ವರ್ಷದ ಮೇಲಾಯಿತು, ಒಂದು ಕೌಂಟರಿನ ಹಿಂದೆ ಕೂತು ಕೇಳುತ್ತ ಬಂದಿದ್ದೇನೆ. ಸಿಂಧನೂರಿನಲ್ಲಿ ನನ್ನದೊಂದು ಡಿಟಿಪಿ, ಝೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ. ಕಂಪನಿಗೆ ಗೇಟಿಲ್ಲ, ನನ್ನ ಅಂಗಡಿಗೆ ಶಟರ್ ಇದೆ. ಹಾಗಾಗಿ ಬೈಗುಳವೆಲ್ಲ ನನಗೇ.

ಶುರುವಿನಲ್ಲಿ ಹೀಗಿರಲಿಲ್ಲ. ಆಗ ಕಂಪ್ಯೂಟರ್ ಎಂದರೆ ಮದುವೆಯ ಕರೆಯೋಲೆ, ಕರಪತ್ರ, ಜಾತ್ರೆಯ ಬ್ಯಾನರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ ತಂತ್ರಾಂಶ ಮಾಡಿ ಬಿಟ್ಟಿದ್ದರು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನನ್ನ ಬೆರಳು ಕಲಿತದ್ದು ಕೆ.ಪಿ. ರಾವ್ ಅವರು ಹಾಕಿಕೊಟ್ಟ ಕೀಲಿಮಣೆ ವಿನ್ಯಾಸದ ಮೇಲೆ. ಕ ಬೇಕಾದರೆ ಕೆ ಒತ್ತು, ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತು. ಇಂಗ್ಲಿಷ್ ಟೈಪಿಂಗ್ ಬಾರದ ನನಗೆ ಕನ್ನಡದ ಟೈಪಿಂಗ್ ಹದಿನೈದು ದಿನದಲ್ಲಿ ಕೈಗೆ ಕೂತಿತು. ಆದರೆ ಆಗಿನ ಫಾಂಟಿಗೆ ಒಂದು ತೊಂದರೆಯಿತ್ತು. ಒಂದು ಫಾಂಟಿನಲ್ಲಿ ಇದ್ದದ್ದೇ 256 ಮನೆ. ನಮ್ಮ ಕಾಗುಣಿತ, ಒತ್ತು, ದೀರ್ಘ ಎಲ್ಲವನ್ನೂ ತುಂಡು ಮಾಡಿ ಅದರೊಳಗೆ ತುರುಕಿದ್ದರು. ನಾನು ಟೈಪು ಮಾಡಿ ಕಳಿಸಿದ ಲಗ್ನಪತ್ರಿಕೆ ಆ ಫಾಂಟು ಇಲ್ಲದ ಪ್ರೆಸ್ಸಿನಲ್ಲಿ ತೆರೆದುಕೊಂಡಾಗ, ವಧುವರರ ಹೆಸರಿನ ಜಾಗದಲ್ಲಿ ಡಾಲರ್ ಗುರುತು, ಪ್ರಶ್ನಾರ್ಥಕ, ಯುರೋಪಿನ ಯಾವುದೋ ಭಾಷೆಯ ಟೊಪ್ಪಿಗೆ ಹಾಕಿದ ಅಕ್ಷರ. ಹುಡುಗನ ತಂದೆ ನನ್ನ ಅಂಗಡಿಗೆ ಬಂದು, “ನಮ್ಮ ಮನಿತನದ ಹೆಸರು ಹಿಂಗ ಮಾಡೀರಲ್ಲ” ಎಂದು ಅಳುವುದೊಂದೇ ಬಾಕಿ.

ಆಮೇಲೆ ಯೂನಿಕೋಡ್ ಬಂತು. ಬಂತು ಎನ್ನುವುದು ತಪ್ಪು. ಅದರಲ್ಲಿ ಕನ್ನಡಕ್ಕೆಂದು 128 ಮನೆಗಳ ಕೇರಿಯೊಂದನ್ನು 1991ರಲ್ಲೇ ಕೊಟ್ಟಿದ್ದರು, ನಮ್ಮ ಅಂಗಡಿಗಳ ತನಕ ಅದು ನಡೆದುಬರಲು ಹದಿನೈದು ವರ್ಷದ ಮೇಲೆ ಹಿಡಿಯಿತು. ಈಗ ಕನ್ನಡ ಎಲ್ಲಿ ತೆರೆದರೂ ಕನ್ನಡವೇ. ನಾನು ಖುಷಿಪಟ್ಟು ಮುಗಿಸುವಷ್ಟರಲ್ಲಿ ಜನ ಟೈಪು ಮಾಡುವುದನ್ನೇ ಬಿಟ್ಟರು. ಸಿಂಧನೂರಿನ ಸುತ್ತ ಕನ್ನಡ ಇದೆ, ಆಂಧ್ರದಿಂದ ಬಂದವರ ಕ್ಯಾಂಪುಗಳಲ್ಲಿ ತೆಲುಗು ಇದೆ, ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಇದೆ, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಯಾವ ಕೀಲಿಮಣೆ ಇಟ್ಟರೂ ಒಬ್ಬರಿಗಲ್ಲ ಒಬ್ಬರಿಗೆ ಅಡಚಣೆ. ಅದಕ್ಕೆ ಎಲ್ಲರೂ ಒಂದು ದಾರಿ ಕಂಡುಕೊಂಡಿದ್ದಾರೆ: “ವಾಯ್ಸ್ ಹಾಕ್ರೀ.” ಫೋನನ್ನು ರೊಟ್ಟಿ ತುಂಡಿನಂತೆ ಬಾಯಿಯ ಮುಂದೆ ಹಿಡಿದು ಮಾತಾಡಿ ಬಿಟ್ಟರಾಯಿತು. ನನ್ನ ಹದಿನೈದು ದಿನದ ವಿದ್ಯೆ ಹೋಯಿತು ಎಂದು ಒಳಗೊಳಗೇ ಸಣ್ಣ ಹೊಟ್ಟೆಕಿಚ್ಚು ಇದೆ, ಸುಳ್ಳು ಹೇಳುವುದಿಲ್ಲ.

ಟೈಪಿಂಗ್ ಹೋದ ಜಾಗಕ್ಕೆ ಅರ್ಜಿ ಬಂತು. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದಾಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಹಾಳೆ ತೆಗೆದುಕೊಂಡು ಬರುತ್ತಿದ್ದರು. ಈಗ ಬೆಳೆವಿಮೆ, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ ಎಲ್ಲಕ್ಕೂ ನಮ್ಮಂಥ ಅಂಗಡಿಯ ಮೆಟ್ಟಿಲು ಹತ್ತಬೇಕು. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ನಡೆದಾಗ ನಾಟಿಯ ಹಂಗಾಮು. ಗದ್ದೆಯಿಂದ ನೇರ ಬಂದ ಒಬ್ಬ ಹೆಣ್ಣುಮಗಳ ಬೆರಳನ್ನು ಬೆರಳಚ್ಚಿನ ಯಂತ್ರ ಒಪ್ಪಲೊಲ್ಲದು. ದಿನವಿಡೀ ಕೆಸರಿನಲ್ಲಿದ್ದ ಬೆರಳು. ತುದಿ ಬೆಳ್ಳಗೆ ಸುಕ್ಕುಗಟ್ಟಿ ಗೆರೆಯೇ ಕಾಣುತ್ತಿಲ್ಲ. ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದಳು, ಕೆಂಪು ದೀಪ. ಆಮೇಲೆ ಬೆರಳನ್ನು ತಲೆಗೂದಲಿನ ಎಣ್ಣೆಗೆ ಸವರಿಕೊಂಡು ಒತ್ತಿದಳು. ಇದು ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳೂ ಕಂಡುಕೊಂಡಿರುವ ಉಪಾಯ, ಯಾವ ಎಂಜಿನಿಯರೂ ಕಲಿಸಿದ್ದಲ್ಲ. ಅವತ್ತು ಅದೂ ನಡೆಯಲಿಲ್ಲ. ಬೆರಳನ್ನು ಕಣ್ಣ ಮುಂದೆ ಹಿಡಿದು ನೋಡಿಕೊಂಡು ಅಂದಳು: “ಬಳ್ಳು ನಂದ. ನಂದಲ್ಲ ಅಂತ ಇದಕ್ಕ ಹೆಂಗ ಗೊತ್ತಾತು?” ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ: “ಸರ್ವರ್ ಇಲ್ಲವ್ವ. ನಾಳೆ ಬಾ.”

ಸರ್ವರ್ ಇಲ್ಲ ಎನ್ನುವುದು ಈಗ ನಮ್ಮ ಸೀಮೆಯ ಕನ್ನಡದ ಅತ್ಯಂತ ಉಪಯುಕ್ತ ವಾಕ್ಯ. ಯಂತ್ರ ಕೆಟ್ಟರೂ ಅದೇ, ನನಗೆ ಊಟದ ಹೊತ್ತಾದರೂ ಅದೇ. ಯಾರೂ ಸರ್ವರ್ ಎಂದರೇನು ಎಂದು ಕೇಳುವುದಿಲ್ಲ, ಏಕೆಂದರೆ ಅವರಿಗೆ ಅದು ಗೊತ್ತಿದೆ. ಅದು ತುಂಗಭದ್ರಾ ಎಡದಂಡೆ ನಾಲೆಯ ನೀರಿನಂಥದು. 227 ಕಿಲೋಮೀಟರು ಉದ್ದದ ನಾಲೆ. ಮೇಲಿನವರು ಕುಡಿದು ಮಿಕ್ಕಿದ್ದು ಕೆಳಗೆ ಬರಬೇಕು. ಕೊನೆಯ ಭಾಗದ ರೈತ “ನೀರು ಬಂತೇನ್ರೀ” ಎಂದು ಕೇಳುವ ದನಿಯಲ್ಲೇ ನನ್ನ ಅಂಗಡಿಯ ಮುಂದೆ “ಸರ್ವರ್ ಬಂತೇನ್ರೀ” ಎನ್ನುತ್ತಾರೆ. ಮುಂಜಾನೆ ಆರಕ್ಕೆ ಬಂದರೆ ಜೋರಾಗಿ ಹರಿಯುತ್ತದೆ ಎನ್ನುವುದೂ ಅವರಿಗೆ ಗೊತ್ತು. ಹೋಲಿಕೆ ತಾಂತ್ರಿಕವಾಗಿಯೂ ಅಷ್ಟೇನೂ ತಪ್ಪಲ್ಲ. ಎಲ್ಲೋ ಒಂದು ದೊಡ್ಡ ಯಂತ್ರ, ಅದಕ್ಕೆ ಒಂದೇ ಹೊತ್ತಿಗೆ ಇಷ್ಟು ಜನರಿಗೆ ಉತ್ತರ ಕೊಡುವ ಶಕ್ತಿ ಎಂದು ಮಿತಿ; ಇಡೀ ರಾಜ್ಯ ಹನ್ನೊಂದು ಗಂಟೆಗೆ ಒಟ್ಟಿಗೇ ಬಾಗಿಲು ಬಡಿದರೆ ಯಾರಿಗೂ ತೆರೆಯುವುದಿಲ್ಲ.

ನಾಲೆಯ ಮಾತು ಬಂತು, ಹಾಗಾದರೆ 2024ರ ಆಗಸ್ಟ್ 10ರ ರಾತ್ರಿಯ ಮಾತನ್ನೂ ಹೇಳಬೇಕು. ಅವತ್ತು ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಅಣೆಕಟ್ಟು ತುಂಬಿತ್ತು, ನಮ್ಮ ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಇನ್ನೂರರ ಮೇಲೆ ಜನ. ಸಾಮಾನ್ಯವಾಗಿ ಅಲ್ಲಿ ಬರುವುದು ಶುಭೋದಯದ ಗುಲಾಬಿ, ಭತ್ತದ ದರ, ಸತ್ತವರ ಫೋಟೋ, ನಾಲೆಯ ಇಷ್ಟನೇ ಮೈಲಿನಲ್ಲಿ ಗೇಜ್ ಎಷ್ಟು ಎನ್ನುವ ಲೆಕ್ಕ. ಆ ರಾತ್ರಿ ನಿದ್ದೆ ಮಾಡಿದವರಿಲ್ಲ. ಎರಡು ಗಂಟೆಗೆ ಒಂದು ವಿಡಿಯೋ ಬಂತು: ಗೋಡೆಯೇ ಒಡೆದು ಕಂದು ನೀರು ಊರೊಳಗೆ ನುಗ್ಗುತ್ತಿದೆ, ಜನ ಓಡುತ್ತಿದ್ದಾರೆ. ಕೆಳಗೆ “ನಮ್ಮ ಅಣೆಕಟ್ಟು, ಈಗ” ಎಂದು ಬರೆದಿತ್ತು. ನನಗೂ ಎದೆ ಧಸಕ್ ಎಂದಿತು. ಆಮೇಲೆ ಕಣ್ಣುಜ್ಜಿಕೊಂಡು ನೋಡಿದೆ. ಎರಡು ಗಂಟೆ ರಾತ್ರಿಯ ಘಟನೆ, ವಿಡಿಯೋದಲ್ಲಿ ಬಿಸಿಲು! ಅಂಗಡಿಗಳ ಬೋರ್ಡು ನಮ್ಮ ದೇಶದ ಯಾವ ಲಿಪಿಯೂ ಅಲ್ಲ.

ಅದನ್ನು ಬರೆದು ಹಾಕುವಷ್ಟರಲ್ಲಿ ಅದು ನಾಲ್ಕು ಗುಂಪು ದಾಟಿ ಹೋಗಿತ್ತು. ಮಾರನೆಯ ದಿನ ಗುಂಪಿನ ಅಡ್ಮಿನ್‌ನನ್ನು ಜನ ಹಿಡಿದುಕೊಂಡರು. ಅವನೊಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್. ಮೂರು ವರ್ಷದ ಹಿಂದೆ ಗುಂಪು ಶುರು ಮಾಡಿದ್ದೇ ಅವನು ಮಾಡಿದ ತಪ್ಪು. “ನಾ ಹಾಕಿಲ್ಲರೀ, ಬಂದಿದ್ದು ಬಂದಂಗ ಹೋಗೈತಿ” ಅಂದ. ಇದೂ ನನ್ನದೇ ಕತೆ ನೋಡಿ: ಯಂತ್ರ ಮಾಡಿದವರು ಕಾಣುವುದಿಲ್ಲ, ವಿಡಿಯೋ ಮಾಡಿದವನೂ ಕಾಣುವುದಿಲ್ಲ, ಕಣ್ಣಿಗೆ ಬಿದ್ದವನು ಮೆಕ್ಯಾನಿಕ್. ಆದರೆ ಅದೇ ವಾರ ಅದೇ ಗುಂಪು ಬಹಳ ಉಪಯೋಗಕ್ಕೂ ಬಂತು. ನೀರು ಹರಿಯುತ್ತಿರುವಾಗಲೇ ತಡೆಗೇಟಿನ ತುಂಡುಗಳನ್ನು ಇಳಿಸುವ ಕೆಲಸ ಕನ್ನಯ್ಯ ನಾಯ್ಡು ಅವರ ಮೇಲ್ವಿಚಾರಣೆಯಲ್ಲಿ ನಡೆದಾಗ, ಹೊಸಪೇಟೆಯ ಕಡೆ ಬೀಗರಿರುವವರು ಗಂಟೆಗೊಮ್ಮೆ ವಾಯ್ಸ್ ಹಾಕುತ್ತಿದ್ದರು. ಮೊದಲ ತುಂಡು ಕೂತಿತು ಎಂದು ಗೊತ್ತಾದಾಗ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಮಳೆ. ಒಂದೇ ಗುಂಪು, ಅವೇ ಇನ್ನೂರು ಬಾಯಿ.

ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಅಲ್ಲಿನ ಬೆಟ್ಟದ ಬಂಡೆಯ ಮೇಲೆ ಇರುವುದೂ ಒಂದು ಸಂದೇಶವೇ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ, ದೇಶದ ತುಂಬ ಬಂಡೆ ಕಂಬಗಳ ಮೇಲೆ ಬರೆಸಿದ ದೇವಾನಂಪ್ರಿಯ ಪ್ರಿಯದರ್ಶಿ ಯಾರು ಎನ್ನುವುದಕ್ಕೆ ಸಿಂಹಳದ ಗ್ರಂಥಗಳ ಆಧಾರದ ಮೇಲೆ ಅಶೋಕನೇ ಎಂದು ಹೇಳಬೇಕಾಗಿತ್ತು. 1915ರಲ್ಲಿ ಚಿನ್ನ ಹುಡುಕುತ್ತ ಬಂದಿದ್ದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನ ಕಂಡ. ಅದರಲ್ಲಿ ಅಶೋಕ ಎಂದೇ ಹೆಸರಿತ್ತು. ಪ್ರೊಫೈಲಿನಲ್ಲಿ ಪ್ರಿಯದರ್ಶಿ ಎಂದು ಇಟ್ಟುಕೊಂಡಿದ್ದ ರಾಜನ ಅಸಲಿ ಹೆಸರು ಹೊರಬಿದ್ದದ್ದು ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ. ಆಮೇಲೆ ಹೊಳೆಯಾಚೆ ನಿಟ್ಟೂರು, ಉದೆಗೊಳಂಗಳಲ್ಲೂ ಹೆಸರು ಸಿಕ್ಕಿತು.

ಅದಕ್ಕಿಂತ ನನಗೆ ಇಷ್ಟವಾದದ್ದು ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯ ಶಾಸನ. ಅದು ಒಂದು ಫಾರ್ವರ್ಡ್. ರಾಜನ ಮಾತು ಸುವರ್ಣಗಿರಿಗೆ ಬಂದಿದೆ, ಅಲ್ಲಿನ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮಸಮಾಚಾರ ಕೇಳಿ ಮುಂದಕ್ಕೆ ದಾಟಿಸಿದ್ದಾರೆ. ಯಾರು ಹೇಳಿದ್ದು, ಯಾರು ದಾಟಿಸಿದ್ದು, ಯಾರಿಗೆ ಎಲ್ಲ ಕಲ್ಲಿನ ಮೇಲೇ ಇದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಲಿಪಿಕಾರ ಎನ್ನುವ ತನ್ನ ಹುದ್ದೆಯನ್ನು ಮಾತ್ರ ಅವನು ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದುಕೊಂಡಿದ್ದಾನೆ. ನನ್ನ ಕಸುಬಿನವನು! ಊರು ಬಿಟ್ಟು ಬಂದ ಆಪರೇಟರ್, ಓದಲು ಬಾರದ ಜನರ ನಡುವೆ ತನ್ನ ಕಡೆಯ ಅಕ್ಷರದಲ್ಲಿ ರುಜು ಹಾಕಿ ಹೋದ. ಇನ್ನೊಂದು ತಮಾಷೆ: ಅದೇ ಶಾಸನದಲ್ಲಿ ಒಂದು ಅಂಕಿ ಇದೆ, 256. ನನ್ನ ಹಳೆಯ ಫಾಂಟಿನ ಮನೆಗಳಷ್ಟೇ. ಸಂಬಂಧವೇನೂ ಇಲ್ಲ. ಆದರೂ ಮೊದಲ ಸಲ ಓದಿದಾಗ ಮೈ ಜುಂ ಎಂದಿತ್ತು.

ಬಸ್ಸಿನ ಕಾಲೇಜು ಹುಡುಗನ ದೂರು ಬೇರೆ. “ಫೋನು ನಾವು ಮಾತಾಡೋದು ಕದ್ದು ಕೇಳ್ತೈತ್ರೀ. ನಿನ್ನೆ ಟ್ರ್ಯಾಕ್ಟರ್ ಅಂದ್ವಿ, ಇವತ್ತು ಟ್ರ್ಯಾಕ್ಟರ್ ಜಾಹೀರಾತು.” ಈ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ನಾನಂತೂ ಒಪ್ಪುವುದಿಲ್ಲ. ಸಿಂಧನೂರಿನಲ್ಲಿ ನಿಂತವನಿಗೆ ಟ್ರ್ಯಾಕ್ಟರ್ ತೋರಿಸಲು ಕದ್ದು ಕೇಳಬೇಕೇ? ನೀವು ಎಲ್ಲಿದ್ದೀರಿ, ಏನು ಹುಡುಕಿದಿರಿ, ನಿಮ್ಮ ವಯಸ್ಸಿನವರು ಯಾವ ವಿಡಿಯೋದ ಮೇಲೆ ಎಷ್ಟು ಹೊತ್ತು ನಿಂತರು ಎನ್ನುವುದನ್ನು ಕೂಡಿಸಿದರೆ ಅಷ್ಟು ಹೇಳಬಹುದು. ಕದ್ದು ಕೇಳಿದ್ದರೆ ಕಳ್ಳ ಎನ್ನಬಹುದಿತ್ತು. ನಾವೇ ಕೊಟ್ಟಿದ್ದೇವೆ, ಅದು ಇನ್ನೂ ಮುಜುಗರ.

ಈ ಕಂಪನಿಗಳಿಗೆ ಗೇಟೇ ಇಲ್ಲ ಎಂದೆನಲ್ಲ, ಒಮ್ಮೆ ಇದ್ದದ್ದು ಕಂಡಿತ್ತು. 2021ರ ಜೂನ್ ತಿಂಗಳಲ್ಲಿ ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಯಾರೋ ಕೇಳಿದ್ದಕ್ಕೆ ಗೂಗಲ್ ಕನ್ನಡ ಎಂದು ತೋರಿಸಿತು. ಯಂತ್ರ ಎಲ್ಲಿಂದಲೋ ಒಂದು ಪುಟವನ್ನು ಎತ್ತಿಕೊಂಡು ಉತ್ತರದ ಪೆಟ್ಟಿಗೆಯಲ್ಲಿ ಇಟ್ಟಿತ್ತು. ಆ ದಿನ ನಮ್ಮ ಓಣಿಯ ಹೈಸ್ಕೂಲ್ ಮಕ್ಕಳಿಂದ ಹಿಡಿದು ಬೆಂಗಳೂರಿನ ಮಂತ್ರಿಗಳ ತನಕ ಎಲ್ಲರೂ ಒಂದೇ ಕಡೆ ಒತ್ತಿದರು, ಬೈದರು, ನೋಟಿಸಿನ ಮಾತಾಡಿದರು. ಉತ್ತರ ಮಾಯವಾಯಿತು, ಕಂಪನಿ ಕ್ಷಮೆ ಕೇಳಿತು. ಭಾಷೆಯ ಮಾನ ಎಂದರೆ ಗೇಟು ತೆರೆಯುತ್ತದೆ. ಒಬ್ಬಳ ಬೆರಳಿಗೆ ತೆರೆಯುವುದಿಲ್ಲ. ನಮ್ಮವರದೇ ಕಂಪನಿಯಾದರೆ ಸರಿಹೋಗುತ್ತದೆಯೇ ಎಂದರೆ ಅದನ್ನೂ ನೋಡಿದೆವು. ಬೆಂಗಳೂರಿನ ‘ಕೂ’ ಎಂಬ ಜಾಲತಾಣ 2020ರಲ್ಲಿ ಮೊದಲು ಕನ್ನಡದಲ್ಲೇ ಕಣ್ಣುಬಿಟ್ಟಿತು, 2024ರ ಜುಲೈನಲ್ಲಿ ಬಾಗಿಲು ಹಾಕಿತು. ನಮ್ಮ ಬಸ್ಸಿನಲ್ಲಿ ಅದರ ಬಗ್ಗೆ ಯಾರೂ ಮಾತಾಡಿದ್ದು ನಾನು ಕೇಳಿಲ್ಲ.

ಈ ಕಂಪನಿಗಳ ಬಗ್ಗೆ ನಮ್ಮ ಚಹಾದಂಗಡಿಯವನ ಅಭಿಪ್ರಾಯ ವರ್ಷ ವರ್ಷಕ್ಕೆ ಬದಲಾಗುತ್ತದೆ. ಹತ್ತು ರೂಪಾಯಿ ಬಂತು ಎಂದು ಕನ್ನಡದಲ್ಲಿ ಕೂಗುವ ಡಬ್ಬಿ ಬಂದಾಗ ಅದಕ್ಕೆ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿದ್ದ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆಯ ನೋಟಿಸು ಹೋದ ಸುದ್ದಿ ಬಂದಾಗ ಅದೇ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಒಳಗಿಟ್ಟ. ಮೂರು ದಿನ ಚಿಲ್ಲರೆಗೆ ಪರದಾಡಿ ಮತ್ತೆ ಹೊರಗೆ ತಂದ.

ಇನ್ನು ಒಂದು ಅರ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಹೋದ ತಿಂಗಳು ಲಿಂಗಸುಗೂರಿನ ಕಡೆಯ ಹಿರಿಯರೊಬ್ಬರು ಬಂದರು. ಮೊಮ್ಮಗ ತಾಂಡಾದ ಹಾಡುಗಳನ್ನು ವಿಡಿಯೋ ಮಾಡಿ ಹಾಕುತ್ತಿದ್ದನಂತೆ, ಸಾವಿರಾರು ಜನ ನೋಡುತ್ತಿದ್ದರಂತೆ. ಒಂದು ಮುಂಜಾನೆ ಖಾತೆಯೇ ಇಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲು, ನಿಯಮ ಮೀರಿದ್ದೀರಿ ಎಂದು. ಯಾವ ನಿಯಮ ಎಂದು ಕೇಳಿದರೆ ಅದೇ ಎರಡು ಸಾಲು ತಿರುಗಿ ಬರುತ್ತದೆ. ಹುಡುಗ ಊಟ ಬಿಟ್ಟಿದ್ದ. ಹಿರಿಯರು ಐವತ್ತು ವರ್ಷದಲ್ಲಿ ತಹಶೀಲ್ದಾರರಿಗೆ, ನೀರಾವರಿ ಇಲಾಖೆಗೆ, ವಿದ್ಯುತ್ ಕಚೇರಿಗೆ ಅರ್ಜಿ ಬರೆದವರು. ಆಕಾಶವಾಣಿಗೂ ಎರಡು ಸಲ ಕಾಗದ ಬರೆದು ಉತ್ತರ ಕೇಳಿಸಿಕೊಂಡವರು. ಕುರ್ಚಿ ಎಳೆದುಕೊಂಡು, “ಒಂದು ಅರ್ಜಿ ಟೈಪ್ ಮಾಡ್ರಿ” ಅಂದರು.

ಬಹಳ ದಿನದ ಮೇಲೆ ನುಡಿ ತೆರೆದೆ. ‘ಇವರಿಂದ’ ಎಂದು ಹೊಡೆದೆ, ಅವರ ಹೆಸರು, ತಾಂಡಾ, ಅಂಚೆ, ತಾಲೂಕು. ‘ಇವರಿಗೆ’ ಎಂದು ಹೊಡೆದು ಕೈ ನಿಲ್ಲಿಸಿದೆ.

“ಯಾರಿಗೆ ಅಂತ ಬರೀಲಿ?”

ಅವರೂ ಸ್ವಲ್ಪ ಹೊತ್ತು ಯೋಚಿಸಿದರು. “ಸರ್ವರ್ ಸಾಹೇಬರಿಗೆ ಅಂತ ಹಾಕ್ರಿ.”

ಹಾಕಿದೆ. ಮಾನ್ಯರೆ, ವಿಷಯ, ಉಲ್ಲೇಖ ಎಲ್ಲ ಕ್ರಮವಾಗಿ ಬಂತು. ಎರಡು ಪ್ರತಿ ತೆಗೆಸಿದರು, ಎರಡಕ್ಕೂ ರುಜು ಮಾಡಿದರು, ಒಂದನ್ನು ನನ್ನ ಮೇಜಿನ ಮೇಲೆ ಇಟ್ಟರು. ಇನ್ನೊಂದನ್ನು ನನ್ನ ಮುಂದೆ ಹಿಡಿದು, “ತಲುಪೈತಿ ಅಂತ ಇದರ ಮ್ಯಾಲೆ ನಿಮ್ಮ ಸೀಲು, ಸಹಿ ಹಾಕಿ ಕೊಡ್ರಿ” ಅಂದರು. ನಾನು ಆ ಕಂಪನಿಯವನಲ್ಲ ಎಂದೆ. “ಮತ್ತ ಯಾರು ಅದಾರ?” ಎಂದರು.

ಅಂಗಡಿಯ ಸೀಲಿಗೆ ಮಸಿ ಒಣಗಿತ್ತು. ಬಾಯಿಯಿಂದ ಊದಿ ಒತ್ತಿ, ಕೆಳಗೆ ನನ್ನ ಹೆಸರು ಬರೆದು, ತಾರೀಖು ಹಾಕಿ ಕೊಟ್ಟೆ.